ಢೋಲಕ್ ಚೀಲದಲ್ಲಿ ಗಾಂಜಾ ಸಿಕ್ಕಿತು. ಸಭೆ ಮುಂದೆ ಹೇಳಿಸಬೇಕಾ, ಡಾಕ್ಟರ ಹತ್ತಿರ ಹೋಗಬೇಕಾ?

ಬೀದರ್ ಅಕ್ಕ

ಎಲ್ಲರಿಗೂ ವಂದನೆಗಳು. ನಮ್ಮದು ಬೀದರ್. ಅಜ್ಜನ ಕಾಲದಿಂದ ಮೆಥಡಿಸ್ಟ್ ಸಭೆಯ ಕ್ರೈಸ್ತರು. ತವರಿನಲ್ಲಿ ಅಪ್ಪ, ಅವ್ವ, ತಮ್ಮ ಇದ್ದಾರೆ. ನನ್ನ ಗಂಡನ ಮನೆ ಎರಡು ಓಣಿ ಆಚೆ. ದಿನಾ ಹೋಗಿ ಬರುತ್ತೇನೆ.

ತಮ್ಮನಿಗೆ 23 ವರ್ಷ. ಡಿಪ್ಲೊಮಾ ಮುಗಿಸಿ ಹೈದರಾಬಾದ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದ. ಹೋದ ದೀಪಾವಳಿ ಹೊತ್ತಿಗೆ ಬಿಟ್ಟು ಬಂದ. ಚಿಕ್ಕವನಿದ್ದಾಗಿಂದ ಚರ್ಚ್‌ನಲ್ಲಿ ಢೋಲಕ್ ಬಾರಿಸುತ್ತಾನೆ. ಅವನ ಕೈ ಬಿದ್ದರೆ ಹಿಂದಿನ ಬೆಂಚಿನ ಅಜ್ಜಿಯರೂ ಚಪ್ಪಾಳೆ ತಟ್ಟುತ್ತಾರೆ.

ಗುಡ್ ಫ್ರೈಡೇಗೆ ಮುಂಚೆ ಢೋಲಕ್‌ನ ಬಟ್ಟೆ ಚೀಲ ತೊಳೆಯೋಣ ಅಂತ ತೆಗೆದೆ. ಪಕ್ಕದ ಜೇಬಿನಲ್ಲಿ ಬೋಲ್ಟ್ ಬಿಗಿ ಮಾಡುವ ಪಾನಾ ಇಡುತ್ತಾನೆ. ಅದರ ಜೊತೆ ಪೇಪರ್ ತುಂಡಿನಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದೆ. ಒಣಗಿದ ಹಸಿರು ಹೂವು, ನಡುವೆ ಕೊತ್ತಂಬರಿ ಕಾಳಿಗಿಂತ ಸಣ್ಣ ಬೀಜ. ಆ ವಾಸನೆ ಆರು ತಿಂಗಳಿಂದ ಅವನ ಅಂಗಿಯಲ್ಲಿತ್ತು. ಏನೋ ಇರಬೇಕು ಅಂತ ನಾನೇ ಸುಮ್ಮನಿದ್ದೆ. ಬಕೆಟ್‌ನಲ್ಲಿ ಸಾಬೂನಿನ ನೊರೆ ಆರಿಹೋಗುವ ತನಕ ಬಚ್ಚಲ ಕಟ್ಟೆ ಮೇಲೆ ಕುಳಿತುಬಿಟ್ಟೆ.

ಕೇಳಿದರೆ ಮುಚ್ಚಿಡಲಿಲ್ಲ. "ಅಕ್ಕಾ, ಇದು ಗಿಡ. ಬೈಬಲಿನ ಆದಿಕಾಂಡ 1:29 ಓದು. ಬೀಜ ಇರುವ ಗಿಡ ಎಲ್ಲಾ ದೇವರೇ ಕೊಟ್ಟದ್ದು" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅವ್ವ ಮೂರು ಶುಕ್ರವಾರದಿಂದ ಉಪವಾಸ ಪ್ರಾರ್ಥನೆ ಹಿಡಿದಿದ್ದಾಳೆ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಸಭೆಯ ಹಿರಿಯರೊಬ್ಬರಿಗೆ ಹೇಗೋ ತಿಳಿದಿದೆ. ಭಾನುವಾರ ಎಲ್ಲರ ಮುಂದೆ ನಿಂತು ಒಪ್ಪಿಕೊಳ್ಳಲಿ, ಅಲ್ಲಿ ತನಕ ಢೋಲಕ್ ಮುಟ್ಟಬಾರದು, ಕರ್ತನ ಭೋಜನವೂ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಬೇಡ ಅನ್ನುತ್ತಾರೆ. ಆಸ್ಪತ್ರೆಗೆ ಹೋಗೋಣ ಅಂದರೆ ಡಾಕ್ಟರು ಪೊಲೀಸರಿಗೆ ಹೇಳಿಬಿಡುತ್ತಾರೆ ಅಂತ ನೆಂಟರು ಹೆದರಿಸುತ್ತಾರೆ. ರಾತ್ರಿ ನಿದ್ದೆ ಇಲ್ಲ. ಗೊತ್ತಿರುವವರು ಹೇಳಿ.

ಹುಮನಾಬಾದ್ ಕಾಕಾ

ಮಗಳೇ, ವಂದನೆ. ನಾನು 40 ವರ್ಷ ಸಭೆಯ ಕೆಲಸ ಮಾಡಿದವನು. ಮನಸ್ಸಿಗೆ ನೋವಾದರೂ ಹೇಳುತ್ತೇನೆ, ಇದು ಪಾಪವೇ. 1 ಕೊರಿಂಥ 6:19 ನಮ್ಮ ದೇಹ ಪವಿತ್ರಾತ್ಮನ ಆಲಯ ಅನ್ನುತ್ತದೆ. ನಾವು ಮೆಥಡಿಸ್ಟರು. ನಮ್ಮ ಪಂಥ ಶುರು ಮಾಡಿದ ಜಾನ್ ವೆಸ್ಲಿ 1743ರಲ್ಲಿ ಬರೆದ ನಿಯಮಗಳಲ್ಲೇ ಕುಡಿತ ಬೇಡ, ಸಾರಾಯಿ ಮಾರುವುದು ಕೊಳ್ಳುವುದೂ ಬೇಡ ಅಂತ ಇದೆ. ಆಗ ಗಾಂಜಾದ ಮಾತು ಬರಲಿಲ್ಲ ಅಷ್ಟೇ. ಅಮಲು ಅಂದರೆ ಅಮಲೇ.

ಢೋಲಕ್ ಸ್ವಲ್ಪ ದಿನ ಬಿಡಿಸಿರಿ. ದ್ವೇಷದಿಂದ ಹೇಳುತ್ತಿಲ್ಲ. ದೇವರ ಮುಂದೆ ಸೇವೆಗೆ ನಿಲ್ಲುವವನು ಎಚ್ಚರದಲ್ಲಿ ಇರಬೇಕು. ಹುಡುಗನ ಹೆಸರು ಹೇಳದಿದ್ದರೂ ಪರವಾಗಿಲ್ಲ, ನನ್ನ ಬೆಳಗಿನ ಪ್ರಾರ್ಥನೆಯಲ್ಲಿ ಅವನಿದ್ದಾನೆ.

ಔರಾದ್ ಸ್ಟೂಡೆಂಟ್

ಕಾಕಾ, ಗೌರವದಿಂದಲೇ ಕೇಳುತ್ತೇನೆ. ನಮ್ಮ ಓಣಿಯಲ್ಲಿ ಕ್ರಿಸ್ಮಸ್ ರಾತ್ರಿ ಎಷ್ಟು ಜನ ಹಿರಿಯರು ಕುಡಿದು ಬರುತ್ತಾರೆ? ಮದುವೆಯಲ್ಲಿ ಸಿಂಧಿ, ಬಾಟಲಿ ಎಲ್ಲಾ ನಡೆಯುತ್ತದೆ. ಅವರನ್ನು ಯಾರಾದರೂ ಸಭೆ ಮುಂದೆ ನಿಲ್ಲಿಸಿದ್ದಾರಾ? 2019ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಕೇಂದ್ರ ಸರ್ಕಾರಕ್ಕೆ ಕೊಟ್ಟ ವರದಿ ನೋಡಿ. ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ 14.6% ಜನ ಮದ್ಯ ಕುಡಿಯುತ್ತಾರೆ. ಭಂಗಿ, ಗಾಂಜಾ, ಚರಸ್ ಎಲ್ಲಾ ಸೇರಿಸಿದರೂ 2.8%. ಮನೆ ಹಾಳು ಮಾಡಿದ್ದು ಯಾವುದು ಜಾಸ್ತಿ? ಕೆನಡಾ 2018ರಲ್ಲಿ ಇದನ್ನು ಕಾನೂನುಬದ್ಧ ಮಾಡಿತು. ಅಲ್ಲಿ ಕ್ರೈಸ್ತರಿಲ್ಲವಾ?

ಅಕ್ಕನ ತಮ್ಮ ಸರಿ ಅಂತ ನಾನು ಹೇಳುತ್ತಿಲ್ಲ. ಒಬ್ಬನಿಗೆ ಒಂದು ನ್ಯಾಯ, ಇನ್ನೊಬ್ಬನಿಗೆ ಇನ್ನೊಂದು ನ್ಯಾಯ ಆದರೆ ಹುಡುಗರು ಚರ್ಚ್‌ನ ಮಾತು ಯಾಕೆ ಕೇಳುತ್ತಾರೆ?

ಹುಮನಾಬಾದ್ ಕಾಕಾ

ತಮ್ಮಾ, ನಿನ್ನ ಮಾತು ಚುಚ್ಚಿತು, ಆದರೆ ನಿಜ. ಎಫೆಸ 5:18 ಹೇಳುವುದು ದ್ರಾಕ್ಷಾರಸದ ಅಮಲನ್ನೇ. ನಾನು ಹಿರಿಯನಾಗಿದ್ದಾಗ ಕುಡಿಯುವ ಹಿರಿಯರ ಮುಂದೆ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಸಂಡೇ ಸ್ಕೂಲ್ ಟೀಚರ್

ಆದಿಕಾಂಡ 1:29ರ ಬಗ್ಗೆ ಎರಡು ಮಾತು. ನಮ್ಮ ಮಕ್ಕಳೂ ಈಗ ಇದೇ ವಚನ ತರುತ್ತಾರೆ, ಮೊಬೈಲ್‌ನಲ್ಲಿ ನೋಡಿಕೊಂಡು.

ಆ ವಚನವನ್ನು ಕೊನೆ ತನಕ ಓದಿ. ಆಹಾರಕ್ಕೆ ಕೊಟ್ಟೆ ಅಂತ ಇದೆ. ನಮ್ಮ ಹೊಲದ ಬದುವಿನಲ್ಲಿ ದತ್ತೂರಿ ಬೆಳೆಯುತ್ತದೆ. ಅದರಲ್ಲೂ ಬೀಜ ಇದೆ. ಔಡಲ ಕಾಳು ಹಸಿಯಾಗಿ ತಿಂದರೆ ಪ್ರಾಣಕ್ಕೇ ಅಪಾಯ. ಅವೂ ದೇವರು ಮಾಡಿದ ಗಿಡಗಳೇ ಅಲ್ವಾ? ಗಿಡ ಒಳ್ಳೆಯದಾ ಕೆಟ್ಟದ್ದಾ ಅನ್ನುವುದಲ್ಲ ಪ್ರಶ್ನೆ. ಪೌಲ 1 ಕೊರಿಂಥ 6:12ರಲ್ಲಿ ಹೇಳುವುದು ಬೇರೆಯೇ. ನನಗೆ ಎಲ್ಲದಕ್ಕೂ ಸ್ವಾತಂತ್ರ್ಯ ಇದೆ, ಆದರೆ ಯಾವುದಕ್ಕೂ ನಾನು ಆಳಾಗುವುದಿಲ್ಲ. ಅಕ್ಕಾ, ನಿಮ್ಮ ತಮ್ಮನ ಹತ್ತಿರ ವಾದ ಮಾಡಬೇಡಿ. ಒಂದೇ ಕೇಳಿ, ಹತ್ತು ದಿನ ಬಿಟ್ಟು ಇರಲು ಆಗುತ್ತದಾ ಅಂತ. ಉತ್ತರ ಅವನಿಗೇ ಗೊತ್ತಾಗುತ್ತದೆ.

ಇನ್ನೊಂದು ವಾದವೂ ಬರಬಹುದು, ಮೊದಲೇ ಹೇಳಿಬಿಡುತ್ತೇನೆ. ವಿಮೋಚನಕಾಂಡ 30:23ರ ಅಭಿಷೇಕ ತೈಲದಲ್ಲಿ ಗಾಂಜಾ ಇತ್ತು ಅಂತ. ಸೂಲಾ ಬೆನೆಟ್ ಎಂಬ ವಿದ್ವಾಂಸೆ 1936ರಲ್ಲಿ ಹಾಗೆ ಬರೆದರು. ಹೆಚ್ಚಿನ ಪಂಡಿತರು ಒಪ್ಪುವುದಿಲ್ಲ, ಅದು ಬಜೆಯಂಥ ಸುವಾಸನೆಯ ಗಿಡ ಅನ್ನುತ್ತಾರೆ. ಇಸ್ರೇಲಿನ ತೆಲ್ ಅರಾದ್‌ನಲ್ಲಿ ಹಳೇ ಗುಡಿಯ ಧೂಪವೇದಿಯ ಮೇಲೆ ಗಾಂಜಾ ಅಂಶ ಸಿಕ್ಕಿದ್ದು ನಿಜ, 2020ರಲ್ಲಿ ಪ್ರಕಟವಾಯಿತು. ಆದರೆ ಯೆಹೂದದಲ್ಲಿ ಎಷ್ಟೋ ಬಲಿಪೀಠಗಳಿದ್ದವು, ಪ್ರವಾದಿಗಳು ಎಷ್ಟನ್ನೋ ಬೈದರು. ಸಿಕ್ಕಿತು ಅಂದ ಮಾತ್ರಕ್ಕೆ ಅಪ್ಪಣೆ ಆಗುವುದಿಲ್ಲ. ಯಾಜಕಕಾಂಡ 10:9 ನೋಡಿ, ಯಾಜಕರು ದೇವರ ಆರಾಧನೆಯ ಗುಡಾರದೊಳಗೆ ಬರುವಾಗ ಮದ್ಯ ಕುಡಿಯಬಾರದು. ಕಾಕಾ ಢೋಲಕ್ ಬಗ್ಗೆ ಹೇಳಿದ್ದು ಈ ಅರ್ಥದಲ್ಲಿ ನನಗೂ ಸರಿ ಕಾಣುತ್ತದೆ.

ಆದರೆ ಕರ್ತನ ಭೋಜನದಿಂದ ದೂರ ಇಡುವ ಮಾತು ನನಗೆ ಒಪ್ಪಿಗೆ ಇಲ್ಲ. ಹಸಿದವನನ್ನು ಊಟದ ಸಾಲಿನಿಂದ ಎಬ್ಬಿಸಿದ ಹಾಗೆ.

ತಿಂಥಣಿ ಮೊಮ್ಮಗ

ನಾನು ಯಾದಗಿರಿ ಜಿಲ್ಲೆಯವನು. ನಮ್ಮ ಮನೆಯಲ್ಲಿ ನಮ್ಮ ಅಪ್ಪನೇ ಮೊದಲ ಕ್ರೈಸ್ತ. ಅಜ್ಜ ತಿಂಥಣಿ ಮೌನೇಶ್ವರನ ಭಕ್ತ. ಕೃಷ್ಣಾ ದಂಡೆಯ ಆ ಜಾತ್ರೆಯಲ್ಲಿ ಗಾಂಜಾ ಸಣ್ಣ ಪೊಟ್ಟಣದಲ್ಲಿ ಪ್ರಸಾದವಾಗಿ ಸಿಗುವುದು ಈ ಕಡೆಯವರಿಗೆ ಗೊತ್ತಿರುವ ಮಾತು. 2020ರಲ್ಲಿ ಪೇಪರ್‌ನಲ್ಲೂ ಬಂತು. ಅಜ್ಜ ಜಾತ್ರೆಗೆ ಹೋದಾಗ ಗುಂಪಿನಲ್ಲಿ ಕುಳಿತು ಚಿಲುಮೆ ಎಳೆಯುತ್ತಿದ್ದರು. ತತ್ವಪದ ಹಾಡುತ್ತಿದ್ದರು. ಊರಿಗೆ ಬಂದ ಮೇಲೆ ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಎತ್ತು ಬಿಚ್ಚಿ ಹೊಲಕ್ಕೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಚರ್ಚ್‌ಗಳಲ್ಲಿ ಗಾಂಜಾ ಅಂದ ಕೂಡಲೇ 'ಸೈತಾನನ ಸೊಪ್ಪು, ಅನ್ಯರ ಆಚಾರ' ಅಂತ ಶುರು ಮಾಡುತ್ತಾರೆ. ನನ್ನ ಅಜ್ಜನ ನೆನಪು ಬಂದು ನನಗೆ ಎದ್ದು ಹೋಗಬೇಕು ಅನಿಸುತ್ತದೆ. ಅವರು ಸೈತಾನನ ಕೈಯಲ್ಲಿ ಇದ್ದವರಲ್ಲ. ಒಳ್ಳೆಯ ಮನುಷ್ಯ. ಅವರ ನಂಬಿಕೆ ಈಗ ನನ್ನದಲ್ಲ, ಆದರೂ ಬೈಯಲಾರೆ.

ಹಾಗಂತ ಅಜ್ಜನ ಜಾತ್ರೆಯನ್ನು ತೋರಿಸಿ ಮೊಮ್ಮಕ್ಕಳು ದಿನಾ ಬಾಗಿಲು ಹಾಕಿಕೊಂಡು ಸೇದಿದರೆ ಅದು ಬೇರೆ. ಅಲ್ಲಿ ಗುರು ಇದ್ದ, ಜೊತೆಗಾರರು ಇದ್ದರು, ದಿನ ಗೊತ್ತಿತ್ತು. ಇಲ್ಲಿ ಮೊಬೈಲ್, ಒಂಟಿ ಕೋಣೆ, ಸಾಲ. ಅಕ್ಕಾ, ನಿಮ್ಮ ತಮ್ಮ ಯಾರ ಜೊತೆ ಸೇದುತ್ತಾನೆ, ಒಬ್ಬನೇನಾ? ಅದನ್ನು ಮೊದಲು ತಿಳಿದುಕೊಳ್ಳಿ.

ಬೀದರ್ ಅಕ್ಕ

ಒಬ್ಬನೇ ಅಣ್ಣಾ. ರಾತ್ರಿ ಹನ್ನೊಂದರ ಮೇಲೆ, ಮಾಳಿಗೆ ಮೇಲೆ. ಹೈದರಾಬಾದ್‌ನಲ್ಲಿ ರಾತ್ರಿ ಪಾಳಿ ಇತ್ತಂತೆ. ನಿದ್ದೆ ಬರಲಿ ಅಂತ ಶುರು ಮಾಡಿದನಂತೆ. ಈಗ ಅದಿಲ್ಲದೆ ನಿದ್ದೆ ಇಲ್ಲವಂತೆ. ಹತ್ತು ದಿನದ ಪ್ರಶ್ನೆ ಕೇಳಿದೆ. ಉತ್ತರ ಕೊಡಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ.

ಕಲಬುರಗಿ ಸಿಸ್ಟರ್

ನಾನು ನರ್ಸ್. ಇಂಥ ಮನೆಯವರನ್ನು ವಾರ್ಡ್‌ನಲ್ಲಿ ದಿನಾ ನೋಡುತ್ತೇನೆ. ಅಕ್ಕಾ, ಧೈರ್ಯ ತಂದುಕೊಳ್ಳಿ.

ಮೊದಲು ಹೆದರಿಕೆಯ ಮಾತು. ಚಿಕಿತ್ಸೆಗೆ ಬಂದವರ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಪೊಲೀಸರನ್ನು ಕರೆಯುವುದು ನಮ್ಮ ಕೆಲಸ ಅಲ್ಲ. ಹೋಗಲು ಇನ್ನೂ ಅಳುಕಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೇ ಅಂತ 14446 ಬೇರೆ ಇದೆ. ಹಳ್ಳಿಯವರಿಗೆ ಹೇಳುವುದಾದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ.

ಗಾಂಜಾ ಬಿಟ್ಟಾಗ ಏನಾಗುತ್ತದೆ ಅಂತ ಮನೆಯವರಿಗೆ ಗೊತ್ತಿರಬೇಕು. ಮೊದಲ ವಾರ ಕಷ್ಟ. ಸಿಟ್ಟು, ಚಡಪಡಿಕೆ, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಬಂದರೂ ವಿಚಿತ್ರ ಕನಸು. ಎರಡು ವಾರದ ಹೊತ್ತಿಗೆ ಹೆಚ್ಚಿನವರಿಗೆ ಇಳಿಯುತ್ತದೆ. ನಿದ್ದೆ ಮಾತ್ರ ಸರಿಹೋಗಲು ಇನ್ನೂ ಸಮಯ ಹಿಡಿಯಬಹುದು. ಆ ದಿನಗಳಲ್ಲಿ 'ನೋಡಿ, ದೆವ್ವ ಹೊರಗೆ ಬರುತ್ತಿದೆ' ಅಂತ ಕೂಗಿ ಪ್ರಾರ್ಥನೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಮೈ ಒಗ್ಗಿಕೊಳ್ಳುವ ಹೊತ್ತು. ಬದಿಯಲ್ಲಿ ಕುಳಿತು ಮೆಲ್ಲಗೆ ಪ್ರಾರ್ಥನೆ ಮಾಡಿ, ಗಂಜಿ ಕೊಡಿ.

ಔರಾದ್ ತಮ್ಮಾ, ಸೇದಿದವರೆಲ್ಲ ಅದಕ್ಕೆ ಅಂಟಿಕೊಳ್ಳುವುದಿಲ್ಲ, ನಿಜ. ಹತ್ತರಲ್ಲಿ ಒಬ್ಬರು ಅಂತ ಲೆಕ್ಕ. ಹದಿವಯಸ್ಸಿನಲ್ಲಿ ಶುರು ಮಾಡಿದರೆ ಆರರಲ್ಲಿ ಒಬ್ಬರು. ಆದರೆ ಎಳೆ ವಯಸ್ಸಿನಲ್ಲಿ ದಿನಾ ಸೇದಿದರೆ ಕೆಲವರಿಗೆ ಮನಸ್ಸು ಕೆಡುತ್ತದೆ. ಯಾರೋ ನನ್ನ ಬಗ್ಗೆ ಮಾತಾಡುತ್ತಾರೆ ಅನ್ನುವ ಅನುಮಾನ, ಇಲ್ಲದ ದನಿ ಕೇಳುವುದು. ಮನೆಯಲ್ಲಿ ಮೊದಲೇ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಅಪಾಯ ಜಾಸ್ತಿ. ಅಕ್ಕಾ, ಹಾಗೆ ಏನಾದರೂ ಕಂಡರೆ ಒಂದು ದಿನವೂ ಕಾಯಬೇಡಿ.

ಕೋರ್ಟ್ ರಸ್ತೆ

ವಕೀಲರ ಆಫೀಸ್‌ನಲ್ಲಿ ಕೆಲಸ ಮಾಡುತ್ತೇನೆ. ಕಾನೂನಿನ ಮಾತು ಇಷ್ಟೇ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇದಿದ್ದಕ್ಕೆ ಆರು ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಸೇದಿದ್ದಕ್ಕೆ ಅಥವಾ ಅಲ್ಪ ಪ್ರಮಾಣಕ್ಕೆ ಕೇಸ್ ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಆಸ್ಪತ್ರೆಯಲ್ಲೋ ಸರ್ಕಾರ ಒಪ್ಪಿದ ಕೇಂದ್ರದಲ್ಲೋ ಚಿಕಿತ್ಸೆ ತೆಗೆದುಕೊಂಡರೆ ಕೇಸ್ ನಡೆಸುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಗಾಂಜಾಕ್ಕೆ ಒಂದು ಕಿಲೋ ತನಕ ಅಲ್ಪ ಪ್ರಮಾಣ. 20 ಕಿಲೋ ಮೇಲೆ ಹೋದರೆ ಹತ್ತು ವರ್ಷದಿಂದ 20 ವರ್ಷ. ಇದನ್ನು ಯಾಕೆ ಬರೆಯುತ್ತೇನೆ ಅಂದರೆ, ಸೇದುವ ಹುಡುಗರನ್ನೇ ಸಾಗಿಸಲು ಹಿಡಿಯುತ್ತಾರೆ. 'ಈ ಬ್ಯಾಗ್ ಹೈದರಾಬಾದ್ ಬಸ್ಸಿನಲ್ಲಿ ತಂದುಬಿಡು, ನಿನ್ನ ಖರ್ಚಿಗೆ ಆಗುತ್ತದೆ' ಅನ್ನುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಕಾಳಗಿ ತಾಲೂಕಿನ ಕುರಿ ದೊಡ್ಡಿಯಲ್ಲಿ ಸಾವಿರ ಕಿಲೋಗೂ ಜಾಸ್ತಿ ಗಾಂಜಾ ಸಿಕ್ಕಿದ್ದು ನೆನಪಿದೆಯಲ್ಲ? ಒಡಿಶಾ ಕಡೆಯಿಂದ ಬಂದ ಮಾಲು. ನಮ್ಮ ಊರುಗಳ ಮೇಲೇ ಅದು ಹಾದು ಹೋಗುತ್ತದೆ. ಅಕ್ಕಾ, ಸ್ನೇಹಿತರ ಸಾಮಾನು ಅಂತ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಕಲಬುರಗಿ ಕಥೋಲಿಕ

ನಮ್ಮ ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥದ 2291ನೇ ಭಾಗದಲ್ಲಿ ಮಾದಕ ವಸ್ತು ಗಂಭೀರ ಅಪರಾಧ ಅಂತ ಇದೆ. ಚಿಕಿತ್ಸೆಗೆ ಮಾತ್ರ ವಿನಾಯಿತಿ. ಹಾಗಾಗಿ ಮೂರ್ಛೆ ರೋಗದ ಮಕ್ಕಳಿಗೆ ಡಾಕ್ಟರು ಗಾಂಜಾ ಗಿಡದಿಂದ ಮಾಡಿದ ಔಷಧ ಬರೆದರೆ ಅದು ಪಾಪ ಅಲ್ಲ. ಅಂಥ ಒಂದು ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ.

ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ನಮ್ಮಲ್ಲಿ ಪಾಪನಿವೇದನೆ ಇದೆ. ಗುರುಗಳ ಕಿವಿಗೆ ಹೇಳಿದ್ದು ಅಲ್ಲೇ ಉಳಿಯುತ್ತದೆ. ಎಲ್ಲರ ಮುಂದೆ ಹೇಳಿಸುವ ಪದ್ಧತಿ ನನಗೆ ಹೆದರಿಕೆ ತರಿಸುತ್ತದೆ.

ಶಹಾಬಾದ್ ಹುಡುಗ

ನಾನು ಆರು ವರ್ಷ ಸೇದಿದವನು. ಬಿಟ್ಟು ನಾಲ್ಕು ವರ್ಷ ಆಯಿತು. ಅಕ್ಕಾ, ಸಾಕ್ಷಿ ಹೇಳಿಸಬೇಡಿ. ದಯವಿಟ್ಟು.

ನನಗೆ ಹೇಳಿಸಿದರು. ಬಿಟ್ಟು ಹನ್ನೆರಡು ದಿನ ಆಗಿತ್ತು ಅಷ್ಟೇ. ಮೈಕ್ ಕೈಯಲ್ಲಿ ಕೊಟ್ಟು, 'ಕರ್ತನು ಬಿಡಿಸಿದ್ದಾನೆ ಅಂತ ಹೇಳು' ಅಂದರು. ಹೇಳಿದೆ. ಎಲ್ಲರೂ ಸ್ತೋತ್ರ ಅಂದರು. ಅಮ್ಮ ಅತ್ತಳು. ನಾನು ಸಹ ನಂಬಿದ್ದೆ. ಇಪ್ಪತ್ತನೇ ದಿನ ಮತ್ತೆ ಸೇದಿದೆ. ಈಗ ಯಾರಿಗೆ ಹೇಳಲಿ? ಮೈಕ್‌ನಲ್ಲಿ ಬಿಟ್ಟೆ ಅಂದವನು ನಾನು. ಆಮೇಲಿನ ಒಂದೂವರೆ ವರ್ಷ ಕದ್ದು ಸೇದಿದೆ, ಮೊದಲಿಗಿಂತ ಜಾಸ್ತಿ. ಅಷ್ಟರಲ್ಲಿ ವಿಷಯ ಊರೆಲ್ಲಾ ಹಬ್ಬಿ ತಂಗಿಗೆ ಬಂದಿದ್ದ ಎರಡು ಸಂಬಂಧ ತಪ್ಪಿದವು. ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ನನ್ನನ್ನು ಎತ್ತಿದ್ದು ಚರ್ಚ್‌ನ ಗಂಟೆ ಬಾರಿಸುವ ಮುತ್ಯಾ. ಅವರಿಗೆ ನಾನು ಮತ್ತೆ ಬಿದ್ದದ್ದು ವಾಸನೆಯಿಂದಲೇ ಗೊತ್ತಾಯಿತು. ಏನೂ ಅನ್ನಲಿಲ್ಲ. 'ಸಂಜೆ ಆರಕ್ಕೆ ಬಾ, ಅಂಗಳ ಗುಡಿಸಬೇಕು, ನನ್ನ ಸೊಂಟ ಬಗ್ಗುವುದಿಲ್ಲ' ಅಂದರು. ಶಹಾಬಾದ್ ಕಲ್ಲು ಹಾಸಿದ ದೊಡ್ಡ ಅಂಗಳ. ಬೇವಿನ ಮರ ಎರಡು. ಎಷ್ಟು ಗುಡಿಸಿದರೂ ಎಲೆ ಬೀಳುತ್ತಿತ್ತು. ನನಗೆ ಸಂಜೆ ಆರರಿಂದ ಎಂಟು ದೊಡ್ಡ ಕಂಟಕದ ಹೊತ್ತು, ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು. ಆ ಎರಡು ತಾಸು ಮುತ್ಯಾ ನನ್ನನ್ನು ಹಿಡಿದಿಟ್ಟರು. ಗುಡಿಸಿದ ಮೇಲೆ ಚಹಾ, ಒಂದು ಕೀರ್ತನೆ, ಮನೆಗೆ. ಒಂದು ದಿನ ನಾನೇ ಹೇಳಿದೆ, 'ಮುತ್ಯಾ, ನಿನ್ನೆ ಸೇದಿದೆ' ಅಂತ. 'ಗೊತ್ತು. ಇವತ್ತು ಆ ಮೂಲೆ ಗುಡಿಸು' ಅಂದರು. ಆಮೇಲೆ ಅವರೇ ನನ್ನನ್ನು ಕಲಬುರಗಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ, ಮಾತುಕತೆ ಎಂಟು ತಿಂಗಳು ನಡೆಯಿತು.

ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿ ಅನ್ನುತ್ತದೆ. ಮುತ್ಯಾ ಹೇಳುತ್ತಿದ್ದರು, ಅದು 'ಒಬ್ಬರಿಗೊಬ್ಬರು', ಮೈಕ್‌ಗಲ್ಲ.

ಭಾಲ್ಕಿ ತಾಯಿ

ಎಲ್ಲರೂ ಹುಡುಗನ ಬಗ್ಗೆ ಬರೆದಿರಿ. ನಾನು ಹೆಂಡತಿಯಾಗಿ ಬರೆಯುತ್ತೇನೆ.

ನನ್ನ ಗಂಡ ಮದುವೆಗೆ ಮುಂಚೆಯೇ ಸೇದುತ್ತಿದ್ದ. ಅವರ ಮನೆಯವರಿಗೂ ಗೊತ್ತಿತ್ತು, ಸಭೆಯ ಇಬ್ಬರು ಹಿರಿಯರಿಗೂ ಗೊತ್ತಿತ್ತು. 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಅಂತ ನನ್ನನ್ನು ತಂದರು. ನಮ್ಮಪ್ಪನಿಗೆ ಒಬ್ಬರೂ ಹೇಳಲಿಲ್ಲ. ನಾನು ಔಷಧ ಅಂತ ಬಂದವಳು.

ಅವನು ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಪುಣ್ಯವಂತೆ ನೀನು ಅನ್ನುತ್ತಿದ್ದರು. ಹೌದು, ಹೊಡೆಯಲಿಲ್ಲ. ಮನೆಯಲ್ಲಿ ಇದ್ದೂ ಇರಲಿಲ್ಲ. ಮಗಳನ್ನು ಶಾಲೆಯಿಂದ ಕರೆತರುತ್ತೇನೆ ಅಂತ ಹೋಗಿ ಎಲ್ಲೋ ಕುಳಿತ. ಆರು ವರ್ಷದ ಕೂಸು ಬೀಗ ಹಾಕಿದ ಗೇಟ್ ಮುಂದೆ, ಚೀಲ ಮಡಿಲಲ್ಲಿ ಇಟ್ಟುಕೊಂಡು, ಐದೂವರೆ ತನಕ. ನಾನು ಓಡಿ ಹೋದಾಗ ಅವಳು ಅಳುತ್ತಿರಲಿಲ್ಲ. 'ಅಪ್ಪ ಮರೆತಿದ್ದಾನೆ ಅಲ್ವಾ ಅಮ್ಮಾ' ಅಂದಳು. ಸಂಘದ ಉಳಿತಾಯದ ದುಡ್ಡೂ ಹೋಯಿತು.

ಬೀದರ್ ಅಕ್ಕಾ, ನಿನ್ನ ತಮ್ಮನಿಗೆ ಈಗ ಹೆಣ್ಣು ನೋಡುವ ಮಾತು ಮನೆಯಲ್ಲಿ ಬರುತ್ತದೆ. ಬಂದೇ ಬರುತ್ತದೆ. ತಡೆ. ಅವನು ಪೂರ್ತಿ ಸರಿಹೋದ ಮೇಲೂ ಹುಡುಗಿಗೆ ಮೊದಲೇ ಹೇಳಿ. ಮತ್ತೆ ನಿನ್ನ ಅವ್ವ ಮೂರು ಶುಕ್ರವಾರದಿಂದ ಉಪವಾಸ ಅಂದೆಯಲ್ಲ, ಅವಳಿಗೆ ಒಂದು ತುತ್ತು ಊಟ ಹಾಕಿ ಅವಳ ಮಾತನ್ನೂ ಕೇಳು.

ಹುಮನಾಬಾದ್ ಕಾಕಾ

ಭಾಲ್ಕಿ ಮಗಳೇ, ನಾನೂ ಇಂಥ ಎರಡು ಮದುವೆಗೆ ಮುಂದೆ ನಿಂತಿದ್ದೇನೆ. 'ಕಟ್ಟಿದರೆ ಸರಿಹೋಗುತ್ತಾನೆ' ಅಂತ ನನ್ನ ಬಾಯಿಂದಲೇ ಬಂದಿದೆ. ನಿಮ್ಮ ಮುಂದೆ ಕ್ಷಮೆ ಕೇಳುತ್ತೇನೆ.

ಬೀದರ್ ಮಗಳೇ, ಸಭೆ ಮುಂದೆ ನಿಲ್ಲಿಸುವ ಮಾತು ಬಿಡಿ. ಶಹಾಬಾದ್ ಹುಡುಗನ ಬರಹ ಎರಡು ಸಲ ಓದಿದೆ. ಪಾಸ್ಟರ್ ಒಬ್ಬರಿಗೇ ಹೇಳಿ, ಅವರೂ ಗುಟ್ಟು ಇಡಲಿ. ಆ ಹಿರಿಯರು ಹಟ ಮಾಡಿದರೆ ನಾನು ಬಂದು ಅವರ ಜೊತೆ ಮಾತಾಡುತ್ತೇನೆ.

ಬೀದರ್ ಅಕ್ಕ

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ.

ಮೊದಲು 14416ಕ್ಕೆ ನಾನೇ ಮಾಡಿದೆ, ಮಾಳಿಗೆ ಮೇಲೆ ಕುಳಿತು. ಅರ್ಧ ಮಾತಿಗೆ ತಮ್ಮ ಮೇಲೆ ಬಂದ. ಬೈಯುತ್ತಾನೆ ಅಂದುಕೊಂಡೆ. ಫೋನ್ ಕೈಗೆ ತೆಗೆದುಕೊಂಡು ತಾನೇ ಮಾತಾಡಿದ, ನಲವತ್ತು ನಿಮಿಷ. ಮುಂದಿನ ವಾರ ಡಾಕ್ಟರ ಹತ್ತಿರ ಹೋದೆವು. ಯಾರೂ ಪೊಲೀಸರ ಹೆಸರು ಎತ್ತಲಿಲ್ಲ. ನಿದ್ದೆ ಬಗ್ಗೆ ತುಂಬಾ ಕೇಳಿದರು.

ಪಾಸ್ಟರ್‌ಗೆ ತಮ್ಮನೇ ಹೇಳಿದ. ಅವರು ಮೈಕ್ ಮಾತು ತೆಗೆಯಲಿಲ್ಲ. ಢೋಲಕ್ ನೀನೇ ಕೇಳುವ ತನಕ ಇರಲಿ, ಕರ್ತನ ಭೋಜನಕ್ಕೆ ಮಾತ್ರ ತಪ್ಪಿಸಬೇಡ ಅಂದರು. ಮೊದಲ ವಾರ ಸಿಸ್ಟರ್ ಹೇಳಿದ ಹಾಗೇ ಆಯಿತು. ತಟ್ಟೆ ಎಸೆದ. ಅವ್ವನಿಗೆ ಜೋರಾಗಿ ಮಾತಾಡಿ ಆಮೇಲೆ ಅತ್ತ. ಹದಿನಾಲ್ಕನೇ ದಿನ ಸೇದಿಬಂದ. ಬೆಳಗ್ಗೆ ಬಂದು ನನಗೆ ತಾನೇ ಹೇಳಿದ. ನಾನು ಏನನ್ನಬೇಕು ಗೊತ್ತಾಗದೆ 'ಚಹಾ ಕುಡಿ' ಅಂದೆ.

ಅವ್ವನ ಉಪವಾಸ ಬಿಡಿಸಿದ್ದೇನೆ. ಅವಳು ಹೇಳಲು ಎಷ್ಟೊಂದು ಇಟ್ಟುಕೊಂಡಿದ್ದಳು! ಅಪ್ಪ ಇನ್ನೂ ನೇರ ಮಾತಾಡುವುದಿಲ್ಲ. ಆದರೆ ಮೊನ್ನೆ ಆ ಢೋಲಕ್ ಹೊರಗೆ ತಂದು ಬಿಸಿಲಿಗೆ ಇಟ್ಟು, ಪಾನಾ ಹಿಡಿದು ಬೋಲ್ಟ್ ಒಂದೊಂದಾಗಿ ಬಿಗಿ ಮಾಡಿದರು. ಅವರಿಗೆ ಬಾರಿಸಲು ಬರುವುದಿಲ್ಲ. ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ. 'ಎಡಗಡೆ ಜಾಸ್ತಿ ಆಯಿತು ಅಪ್ಪಾ' ಅಂದ. ಅಪ್ಪ ಎರಡು ಸುತ್ತು ಸಡಿಲ ಮಾಡಿದರು.

ಮಂಗಳವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಅಪ್ಪ ತಾನೂ ಬರುತ್ತೇನೆ ಅಂದಿದ್ದಾರೆ. ಶಹಾಬಾದ್ ತಮ್ಮಾ, ನಿನಗೆ ಸಂಜೆ ಆರು ಇದ್ದ ಹಾಗೆ ಇವನಿಗೆ ರಾತ್ರಿ ಹನ್ನೊಂದು. ಆ ಹೊತ್ತಿಗೆ ಒಂದು ಫೋನ್ ಮಾಡುತ್ತೀಯಾ? ನಂಬರ್ ಖಾಸಗಿಯಾಗಿ ಕಳಿಸಿದ್ದೇನೆ.

ಶಹಾಬಾದ್ ಹುಡುಗ

ಸಿಕ್ಕಿತು ಅಕ್ಕಾ. ಇವತ್ತು ರಾತ್ರಿಯಿಂದಲೇ ಮಾಡುತ್ತೇನೆ.